ಮನೆಯೊಳಗಿನ ಮಾತು: ಹಾಲ್ ತುಂಬ ಆಟದ ಸಾಮಾನು

ಹೋದ ತಿಂಗಳು ಈ ಪುಟದಲ್ಲಿ ಅಡುಗೆಮನೆ ಡಬ್ಬಗಳನ್ನು ಜೋಡಿಸೋದು ಹೇಗೆ ಅಂತ ಯಾರೋ ಕೇಳಿದ್ದರು. ಉತ್ತರದ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೆ: ಡಬ್ಬ ಬಿಡಿ, ಮಕ್ಕಳ ಆಟದ ಸಾಮಾನು ಜೋಡಿಸಿ ತೋರಿಸಿ ನೋಡೋಣ ಅಂತ. ಅಷ್ಟಕ್ಕೇ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಿಂದ ಕಾಗದ, ವಾಟ್ಸಾಪ್ ಬಂದು ಬಿದ್ದವು. ಒಂದೇ ತರಹದವನ್ನು ಒಟ್ಟು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾವು ಕ್ಯಾತಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಅಷ್ಟೇ. ಮಗಳಿಗೆ ಐದು ವರ್ಷ, ಮಗನಿಗೆ ಮೂರೂವರೆ. ನಮ್ಮನೆಯವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ವಾಪಸ್ ಬರೋದು ರಾತ್ರಿ ಎಂಟೂವರೆಗೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ತಕ್ಷಣ ಕಾರೋ ಬ್ಲಾಕೋ ಕಾಲಿಗೆ ಚುಚ್ಚುತ್ತೆ, ಅಲ್ಲಿಂದ ಜಗಳ ಶುರು. ಮೂರು ಅಂತಸ್ತಿನ ಪ್ಲಾಸ್ಟಿಕ್ ರ‍್ಯಾಕ್ ತಂದೆ. ನಾಲ್ಕು ದಿನ ಚೆನ್ನಾಗಿತ್ತು. ಈಗ ರ‍್ಯಾಕ್ ಮೇಲೆ ಮಡಚದ ಬಟ್ಟೆ, ಆಟದ ಸಾಮಾನು ನೆಲದ ಮೇಲೆ. ದಿನಕ್ಕೆ ಮೂರು ಸಲ ನಾನೇ ಎತ್ತಿಡುತ್ತೇನೆ. ಎಂಥ ಡಬ್ಬ ತಗೊಂಡರೆ ಸರಿಹೋಗುತ್ತೆ?

ಉತ್ತರ: ಯಾವ ಡಬ್ಬವೂ ಬೇಡಮ್ಮ. ಮೊದಲು ಡಬ್ಬ ತರೋದನ್ನು ನಿಲ್ಲಿಸಿ. ಬೈಯುತ್ತಿಲ್ಲ, ನಾನೂ ಇದೇ ತಪ್ಪು ಮಾಡಿದವಳು. ನನ್ನ ಮಗ ಚಿಕ್ಕವನಿದ್ದಾಗ ಅವನ ಸಾಮಾನಿಗೆ ಅಂತ ಒಂದು ದೊಡ್ಡ ತಗಡಿನ ಟ್ರಂಕು ತಂದಿದ್ದೆ. ಎಲ್ಲವನ್ನೂ ಬಾಚಿ ಒಳಗೆ ಹಾಕಿ ಮುಚ್ಚಳ ಹಾಕಿದರೆ ಹಾಲ್ ಕಲ್ಯಾಣ ಮಂಟಪದ ಹಾಗೆ ಖಾಲಿ. ಎಷ್ಟು ಖುಷಿಪಟ್ಟಿದ್ದೆ ಅಂದರೆ ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದೆ. ಮಾರನೇ ಬೆಳಗ್ಗೆ ಅವನಿಗೆ ಒಂದು ಕೆಂಪು ಜೀಪು ಬೇಕಾಯಿತು. ಕೈ ಹಾಕಿ ಹುಡುಕಿದ, ಸಿಗಲಿಲ್ಲ. ಟ್ರಂಕಿನ ಹಿಡಿ ಹಿಡಿದು ಎಳೆದು ಹಾಗೇ ಬೋರಲು ಹಾಕಿದ. ಆ ಸದ್ದಿಗೆ ಕೆಳಗಿನ ಮನೆಯವರು ಓಡಿ ಬಂದರು. ಗುಡ್ಡೆಯ ಮೇಲೆ ಕೊನೆಗೆ ಬಂದು ಬಿದ್ದದ್ದು ಆ ಜೀಪು, ಅದರ ಜೊತೆಗೆ ಅರ್ಧ ಕಚ್ಚಿದ ಕೋಡುಬಳೆ, ಕೋಡುಬಳೆ ಹಿಂದೆ ಇರುವೆ ಸಾಲು. ದೊಡ್ಡ ಡಬ್ಬ ಅಂದರೆ ಬಾವಿ ಇದ್ದ ಹಾಗೆ. ತಳದಲ್ಲಿ ಏನಿದೆ ಅಂತ ಮಗುವಿಗೆ ಕಾಣೋದಿಲ್ಲ. ಕಾಣದಿದ್ದರೆ ಸುರಿಯುತ್ತೆ. ಸುರಿದದ್ದನ್ನು ನೋಡಿ ಅದಕ್ಕೇ ತಲೆ ಕೆಡುತ್ತೆ, ಎಲ್ಲಿಂದ ಎತ್ತಬೇಕು ಅಂತ ಗೊತ್ತಾಗೋದಿಲ್ಲ, ಬಿಟ್ಟು ಹೋಗುತ್ತೆ. ನಾವು ಅದಕ್ಕೆ ಸೋಮಾರಿ ಅಂತ ಹೆಸರಿಡುತ್ತೇವೆ.

ನಿಮ್ಮ ಮನೆಯಲ್ಲಿ ಜಾಗ ಕಡಿಮೆ ಇರೋದು ನಿಜ. ಆದರೆ ನನ್ನ ಲೆಕ್ಕದಲ್ಲಿ ತೊಂದರೆ ಜಾಗದ್ದಲ್ಲ, ಒಂದೇ ಹೊತ್ತಿಗೆ ಕೈಗೆ ಸಿಗೋ ಸಾಮಾನಿನದ್ದು. ಈ ಭಾನುವಾರ ನಿಮ್ಮನೆಯವರು ಮನೆಯಲ್ಲಿದ್ದಾಗ ಹಾಲ್‌ನಲ್ಲಿ ಒಂದು ಹಳೆ ಬೆಡ್‌ಶೀಟ್ ಹಾಸಿ. ಮಂಚದ ಕೆಳಗಿನದು, ಬೀರು ಮೇಲಿನದು, ಸ್ಕೂಟರ್ ಡಿಕ್ಕಿಯಲ್ಲಿ ಉಳಿದುಹೋದದ್ದು, ಸ್ನಾನದ ಮನೆಯ ಬಾತುಕೋಳಿ, ಎಲ್ಲವನ್ನೂ ತಂದು ಸುರಿಯಿರಿ. ಎಣಿಸಿ. ಸುಮ್ನೆ ಅಂದಾಜು ಬೇಡ, ನಿಜವಾಗಿ ಎಣಿಸಿ. ನಾನು ಎಣಿಸಿದಾಗ ನೂರು ದಾಟಿ ಕೈಬಿಟ್ಟಿದ್ದೆ, ಮತ್ತೆ ನಮ್ಮದೇನು ಶ್ರೀಮಂತರ ಮನೆಯಲ್ಲ. ಹುಟ್ಟುಹಬ್ಬಕ್ಕೆ ಬಂದದ್ದು, ಗೃಹಪ್ರವೇಶಕ್ಕೆ ಹೋದಾಗ ರಿಟರ್ನ್ ಗಿಫ್ಟ್ ಅಂತ ಕೊಟ್ಟದ್ದು, ಚಿಪ್ಸ್ ಪ್ಯಾಕೆಟ್ ಒಳಗಿನದು, ಹೀಗೇ ಸೇರುತ್ತಾ ಹೋಗುತ್ತೆ.

ಗುಡ್ಡೆಯಿಂದ ಮೊದಲು ಮುರಿದದ್ದನ್ನು ತೆಗೆಯಿರಿ. ಚಕ್ರ ಇಲ್ಲದ ಕಾರು, ಚೂಪಾಗಿ ಒಡೆದ ಪ್ಲಾಸ್ಟಿಕ್ಕು, ಹತ್ತಿ ಹೊರಗೆ ಬಂದ ಕರಡಿ. "ರಿಪೇರಿ ಮಾಡೋಣ" ಅಂತ ಪಕ್ಕಕ್ಕಿಟ್ಟದ್ದು ಒಂದು ವಾರದಲ್ಲಿ ರಿಪೇರಿ ಆಗದಿದ್ದರೆ ಆಗೋದೇ ಇಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಹೊರಗಿಡಿ. ಬಾಕಿ ಎರಡು ಪಾಲು ಎರಡು ಗಂಟಾಗಿ ಸಜ್ಜೆ ಮೇಲಕ್ಕೆ ಹೋಗಲಿ. ಎರಡು ಮೂರು ವಾರಕ್ಕೊಮ್ಮೆ ಒಂದು ಗಂಟು ಇಳಿಸಿ, ಹೊರಗಿದ್ದದ್ದನ್ನು ಮೇಲಕ್ಕೆ ಹತ್ತಿಸಿ. ಗಂಟು ಇಳಿದ ದಿನ ನೋಡಿ, ಆ ಹಳೇ ಸಾಮಾನನ್ನೇ ಹೊಸದು ತಂದ ಹಾಗೆ ಆಡುತ್ತಾರೆ.

ಇದನ್ನು ನಾನು ಮನಸ್ಸಿಗೆ ಬಂದ ಹಾಗೆ ಹೇಳುತ್ತಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಆಡಲು ಬಿಟ್ಟು ನೋಡಿದ್ದಾರೆ. ಒಂದು ಸಲ ನಾಲ್ಕೇ ಆಟಿಕೆ, ಇನ್ನೊಂದು ಸಲ 16. ನಾಲ್ಕು ಇದ್ದಾಗ ಮಕ್ಕಳು ಒಂದೊಂದನ್ನೂ ಜಾಸ್ತಿ ಹೊತ್ತು ಹಿಡಿದು, ಅದರಲ್ಲೇ ಬೇರೆ ಬೇರೆ ಆಟ ಹುಡುಕಿದರು. 16 ಇದ್ದಾಗ ಒಂದನ್ನು ಮುಟ್ಟಿ ಇನ್ನೊಂದಕ್ಕೆ ಹಾರಿದರು. 2018ರಲ್ಲಿ ಅಚ್ಚಾದ ಅಧ್ಯಯನ ಇದು. ನಿಮ್ಮ ಮಕ್ಕಳು ಅವರಿಗಿಂತ ಸ್ವಲ್ಪ ದೊಡ್ಡವರು, ಇಬ್ಬರಿದ್ದಾರೆ, ನಾಲ್ಕಕ್ಕೇ ನಿಲ್ಲಿಸಿ ಅನ್ನೋದಿಲ್ಲ. ಹತ್ತು ಹನ್ನೆರಡು ಇರಲಿ. ಬ್ಲಾಕಿನ ಸೆಟ್ಟು ಒಂದು ಅಂತ ಲೆಕ್ಕ, ಅಡುಗೆ ಆಟದ ಸಾಮಾನು ಎಲ್ಲ ಸೇರಿ ಒಂದು.

ನಮ್ಮ ಕಡೆ ದಸರಾ ಗೊಂಬೆ ಕೂರಿಸೋ ಮನೆಗಳಿಗೆ ಇದು ಗೊತ್ತಿರೋ ವಿಷಯವೇ, ಅಲ್ವಾ? ಪಟ್ಟದ ಗೊಂಬೆ, ಶೆಟ್ಟಿ ಅಂಗಡಿ, ಮಣ್ಣಿನ ಹಣ್ಣು ತರಕಾರಿ, ಎಲ್ಲ ವರ್ಷಪೂರ್ತಿ ಟ್ರಂಕಿನಲ್ಲಿ. ಒಂಬತ್ತು ದಿನಕ್ಕೆ ಮಾತ್ರ ಇಳಿಯುತ್ತವೆ. ನಾನು ಚಿಕ್ಕವಳಿದ್ದಾಗ ಆ ಶೆಟ್ಟಿಯ ಮುಂದೆ ಗಂಟೆಗಟ್ಟಲೆ ಕೂತು ಅಕ್ಕಿ, ಬೇಳೆ ವ್ಯಾಪಾರ ಮಾಡುತ್ತಿದ್ದೆ. ದಿನಾ ಕಣ್ಣಿಗೆ ಬೀಳುತ್ತಿದ್ದರೆ ಶೆಟ್ಟಿಯನ್ನು ಯಾರು ಕೇಳುತ್ತಿದ್ದರು?

ಈಗ ಇಡೋ ಜಾಗ. ನಿಮ್ಮ ರ‍್ಯಾಕ್ ಕೆಟ್ಟದ್ದೇನಲ್ಲ, ಎತ್ತರ ತಪ್ಪಾಗಿದೆ. ಮೇಲಿನ ಅಂತಸ್ತು ಮಗನಿಗೆ ಎಟಕೋದಿಲ್ಲ, ನಿಮಗೆ ಎಟಕುತ್ತೆ, ಅದಕ್ಕೇ ಅಲ್ಲಿ ಬಟ್ಟೆ ಕೂತಿದೆ. ಕಳಚಿಬರೋ ಹಾಗಿದ್ದರೆ ಮೂರನ್ನೂ ಬಿಡಿಸಿ ನೆಲದ ಮೇಲೆ ಸಾಲಾಗಿ ಇಡಿ. ಬಿಡಿಸಲು ಆಗದಿದ್ದರೆ ಗೋಡೆಗೆ ಒಂದು ಕೊಕ್ಕೆ ಹೊಡೆದು ಬಿಗಿಯಾಗಿ ಕಟ್ಟಿ, ಮಕ್ಕಳು ಏಣಿ ಹತ್ತಿದ ಹಾಗೆ ಹತ್ತುತ್ತಾರೆ, ಮೈಮೇಲೆ ಬೀಳುತ್ತೆ. ಮುಚ್ಚಳ ಬೇಡ. ಒಂದು ತಟ್ಟೆಗೆ ಒಂದೇ ಜಾತಿ. ಕಾರಿನ ತಟ್ಟೆಗೆ ಕಾರಿನ ಚಿತ್ರ, ಬ್ಲಾಕಿನ ತಟ್ಟೆಗೆ ಬ್ಲಾಕಿನ ಚಿತ್ರ ಅಂಟಿಸಿ. ಮಗಳೇ ಬರೆಯಲಿ. ಕಾರು ಕುಂಬಳಕಾಯಿ ತರಹ ಬಂದರೂ ಪರವಾಗಿಲ್ಲ, ಅವಳು ಬರೆದದ್ದು ಅಂದರೆ ಅವಳೇ ತಮ್ಮನ ಮೇಲೆ ಕಾವಲಿರುತ್ತಾಳೆ.

ಎತ್ತಿಡೋ ಕೆಲಸಕ್ಕೆ ಒಂದು ಹೊತ್ತು ಬೇಕು. ದಿನಕ್ಕೆ ಮೂರು ಸಲ ಬೇಡ, ನಿಮಗೆ ಬೇರೆ ಕೆಲಸ ಇಲ್ವಾ? ಸಂಜೆ ಕುಕ್ಕರ್ ಇಡುತ್ತೀರಲ್ಲ, ಆಗ. "ಮೂರು ವಿಷಲ್ ಆಗೋದ್ರೊಳಗೆ ಕಾರೆಲ್ಲ ಮನೆಗೆ ಹೋಗಬೇಕು" ಅನ್ನಿ. "ಎಲ್ಲ ಎತ್ತಿಡು" ಅಂದರೆ ಮೂರೂವರೆ ವರ್ಷದವನಿಗೆ ಏನೂ ಅರ್ಥ ಆಗೋದಿಲ್ಲ. "ಕಾರು ಎತ್ತಿಡು" ಅಂದರೆ ಆಗುತ್ತೆ. ಮೊದಲ ಒಂದು ವಾರ ನೀವೂ ಜೊತೆಗೆ ಕೂತು ಎತ್ತಬೇಕು. ಬೇಳೆ ಬೇಯೋ ಹೊತ್ತಿಗೆ ಎಂಟು ಹತ್ತು ನಿಮಿಷ ಸಿಗುತ್ತೆ, ಹನ್ನೆರಡು ಸಾಮಾನಿಗೆ ಅಷ್ಟು ಸಾಕು. ನೂರಕ್ಕೆ ಸಾಲೋದಿಲ್ಲ. ಅದಕ್ಕೇ ಮೊದಲು ಎಣಿಸಿ ಅಂದದ್ದು.

ಸಜ್ಜೆಯಿಂದ ಗಂಟು ಇಳಿಸೋದು, ಹತ್ತಿಸೋದು ನಿಮ್ಮ ಯಜಮಾನರ ಕೆಲಸ. ಕಾಲಿಗೆ ಚುಚ್ಚೋದು ಅವರಿಗೇ ತಾನೇ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಗುಬ್ಬಿ ಕಡೆಯವನು. ಪೆನ್ಷನ್ ಬಂದ ದಿನ ಮೊಮ್ಮಗನಿಗೆ ಒಂದು ಗಾಡಿಯೋ ಪೀಪಿಯೋ ತರುವುದು ನನ್ನ ಅಭ್ಯಾಸ. ಅವನಿಗೆ ನಾಲ್ಕು ವರ್ಷ. ಈಚೆಗೆ ಸೊಸೆ "ಮನೆಯಲ್ಲಿ ಜಾಗ ಇಲ್ಲ ಮಾವ, ಇನ್ನು ತರಬೇಡಿ" ಎಂದಳು. ಹೋದ ವರ್ಷ ಜಾತ್ರೆಯಲ್ಲಿ ತಂದ ಲೈಟು ಹತ್ತುವ ಬುಗುರಿ ಈಗ ಕಾಣುತ್ತಲೇ ಇಲ್ಲ. ಎಸೆದಿದ್ದಾರೋ ಏನೋ, ಕೇಳಲು ಮನಸ್ಸು ಬರುತ್ತಿಲ್ಲ. ತಾತನಾದವನು ಮೊಮ್ಮಗನಿಗೆ ಏನೂ ತರಬಾರದೇ?

ಉತ್ತರ: ತರಬೇಕು ಸಾರ್. ತಾತ ತರದೆ ಇನ್ಯಾರು ತರಬೇಕು? ಆದರೆ ಸೊಸೆ ನಿಮ್ಮ ಎದುರಿಗೇ "ಮಾವ" ಅಂತ ಕರೆದು ಹೇಳಿದ್ದಾಳೆ, ಹಿಂದಿನಿಂದ ಗೊಣಗಿಲ್ಲ. ಅದನ್ನು ಒಳ್ಳೆಯ ಲಕ್ಷಣ ಅಂತಲೇ ತಗೊಳ್ಳಿ. ತಿಂಗಳಿಗೆ ಒಂದು ಅಂದರೆ ವರ್ಷಕ್ಕೆ 12. ಅವಳ ತವರಿನ ತಾತನೂ ಹೀಗೇ ತಂದರೆ 24. ಮನೆ ಗುಡಿಸೋದು ಅವಳು.

ಬುಗುರಿ ವಿಷಯದಲ್ಲಿ ಮಾತ್ರ ನಾನು ಅವಳ ಕಡೆ. ಜಾತ್ರೆಯಲ್ಲಿ ಮಾರೋ, ಲೈಟು ಹತ್ತೋ, ಹಾಡು ಹೇಳೋ ಅಗ್ಗದ ಸಾಮಾನಿನಲ್ಲಿ ಗುಂಡಿಯಷ್ಟು ಚಿಕ್ಕ ಸೆಲ್ ಇರುತ್ತೆ. ಕೈಗಡಿಯಾರದಲ್ಲಿ ಇರುತ್ತಲ್ಲ, ಅದೇ. ಎಷ್ಟೋ ಸಾಮಾನಿನಲ್ಲಿ ಅದರ ಮುಚ್ಚಳಕ್ಕೆ ಸ್ಕ್ರೂ ಕೂಡ ಇರೋದಿಲ್ಲ, ಉಗುರಲ್ಲಿ ಎಬ್ಬಿಸಿದರೆ ಬರುತ್ತೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಬಾಳೆಹಣ್ಣು ತಿನ್ನಿಸೋಣ ಅಂತ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಬೇಕು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಗಿದೆ. ಅಂಗಡಿಯಲ್ಲಿ ತಗೊಳ್ಳೋವಾಗ ಡಬ್ಬದ ಮೇಲೆ ಅದನ್ನು ಹುಡುಕಿ. ಚನ್ನಪಟ್ಟಣದ ಗೊಂಬೆಯಂಥ, ಇಂಥ ಊರಿನದ್ದೇ ಅಂತ ಹೇಳೋ ಜಿಐ ಗುರುತಿನ ಕೈಕೆಲಸದ ಸಾಮಾನಿಗೆ ಆ ನಿಯಮದಿಂದ ವಿನಾಯಿತಿ ಇದೆ, ಅದು ಬೇರೆ.

ಒಂದು ಕೆಲಸ ಮಾಡಿ. ನೀವು ತರೋದು ನಿಮ್ಮ ಹತ್ತಿರವೇ ಇರಲಿ. ನಿಮ್ಮ ಮಂಚದ ಕೆಳಗೆ, ನಿಮ್ಮದೇ ಒಂದು ಬುಟ್ಟಿ, "ತಾತನ ಬುಟ್ಟಿ". ಮೊಮ್ಮಗ ನಿಮ್ಮ ಹತ್ತಿರ ಬಂದಾಗ ಮಾತ್ರ ಅದು ಹೊರಗೆ ಬರಬೇಕು, ಆಟ ಮುಗಿದ ಮೇಲೆ ಇಬ್ಬರೂ ಸೇರಿ ಒಳಗೆ ತಳ್ಳಬೇಕು. ಬುಟ್ಟಿ ತುಂಬಿದರೆ ಹೊಸದು ತರೋ ಮುಂಚೆ ಹಳೆಯದೊಂದು ಆಚೆ. ಇನ್ನೊಂದು ಮಾತು. ನೀವು ಮೇಷ್ಟ್ರು, ಅಳಗುಳಿ ಮಣೆ, ಚೌಕಾಬಾರ ನಿಮಗೆ ಬಂದೇ ಬರುತ್ತೆ. ಒಂದು ಮಣೆ, ಒಂದು ಹಿಡಿ ಹುಣಸೆ ಬೀಜ, ನಾಲ್ಕು ಕವಡೆ. ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಣಸೆ ಬೀಜಕ್ಕೇನು ಬರವೇ? ಗುಲಗಂಜಿ ಮಾತ್ರ ಬೇಡ. ನೋಡೋಕೆ ಚೆಂದ, ಹಿಂದೆ ಅಳಗುಳಿಗೆ ಅದನ್ನೇ ಹಾಕುತ್ತಿದ್ದರು, ಆದರೆ ಜಗಿದು ನುಂಗಿದರೆ ವಿಷ. ಹುಣಸೆ ಬೀಜವೇ ಆದರೂ ಕಣ್ಣೆದುರಿಗೆ ಆಡಿಸಿ, ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳಿ. ಲೆಕ್ಕವೂ ಬರುತ್ತೆ.

ಬುಗುರಿ ಎಲ್ಲಿ ಹೋಯಿತು ಅಂತ ಕೇಳಬೇಡಿ. ಬಿಟ್ಟುಬಿಡಿ.

ಪ್ರಶ್ನೆ: ಕೋಲಾರದಿಂದ ಬರೆಯುತ್ತಿದ್ದೇನೆ. ನಮ್ಮದು ಟೊಮೆಟೊ ಮಂಡಿ ವ್ಯವಹಾರ, ಹಳೆಯ ಕ್ರೇಟ್‌ಗಳು ರಾಶಿ ಬಿದ್ದಿವೆ. ಮಕ್ಕಳ ಸಾಮಾನು ತುಂಬಲು ಅದನ್ನೇ ಬಳಸಬಹುದಾ?

ಇನ್ನೊಂದು ಇದೇ ತರಹ, ಶಿಡ್ಲಘಟ್ಟದಿಂದ: ರೇಷ್ಮೆ ಹುಳ ಸಾಕೋದು ನಿಲ್ಲಿಸಿ ಎರಡು ವರ್ಷ ಆಯಿತು. ಹಳೆ ಚಂದ್ರಂಕಿ (ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟಿ) ಐದಾರು ಇವೆ. ಒಂದನ್ನು ಮಕ್ಕಳ ರೂಮಿನ ಗೋಡೆಗೆ ನಿಲ್ಲಿಸಿ ಬಿದಿರಿನ ಸುತ್ತಿನೊಳಗೆ ಚಿಕ್ಕ ಗೊಂಬೆ, ಕಾರು ಸಿಗಿಸಿದರೆ ನೋಡೋಕೆ ಚೆನ್ನಾಗಿರುತ್ತೆ ಅಂತ ನನ್ನ ತಂಗಿ ಹೇಳುತ್ತಾಳೆ. ಮಾಡಲಾ?

ಉತ್ತರ: ಕ್ರೇಟ್‌ಗೆ ಹೂಂ, ಚಂದ್ರಂಕಿಗೆ ಊಹೂಂ.

ಹದಿನೈದು ಕೆ.ಜಿ. ಹಿಡಿಯೋ ಆ ಪ್ಲಾಸ್ಟಿಕ್ ಕ್ರೇಟ್‌ಗಿಂತ ಒಳ್ಳೆಯ ಆಟದ ಸಾಮಾನಿನ ಬುಟ್ಟಿ ನಾನು ನೋಡಿಲ್ಲ. ಮುಚ್ಚಳ ಇಲ್ಲ, ಬದಿಯಲ್ಲಿ ತೂತು ಇರೋದರಿಂದ ಒಳಗೇನಿದೆ ಕಾಣುತ್ತೆ, ಗಾಳಿ ಆಡುತ್ತೆ, ಒಂದರ ಮೇಲೊಂದು ಕೂರುತ್ತೆ, ಮಗು ಮೇಲೆ ಹತ್ತಿ ಕುಣಿದರೂ ಸುಲಭಕ್ಕೆ ಮುರಿಯೋದಿಲ್ಲ. ಅಂಗಡಿಯಲ್ಲಿ "ಕಿಡ್ಸ್ ಸ್ಟೋರೇಜ್" ಅಂತ ಗುಲಾಬಿ ಬಣ್ಣ ಬಳಿದು ಮಾರೋದೂ ಇದನ್ನೇ, ರೇಟು ಮಾತ್ರ ಮೂರು ಪಟ್ಟು. ಆದರೆ ಮಂಡಿಯಿಂದ ಬಂದ ಹಾಗೇ ಒಳಗೆ ತರಬೇಡಿ. ಹಣ್ಣಿನ ಮೇಲೆ ಹೊಡೆದ ಔಷಧಿ, ಕೊಳೆತ ರಸ, ಮಣ್ಣು ಎಲ್ಲ ಮೂಲೆಯಲ್ಲಿ ಕೂತಿರುತ್ತೆ. ಸೋಪಿನ ನೀರಲ್ಲಿ ನೆನೆಸಿ, ತೆಂಗಿನ ನಾರಿನಲ್ಲಿ ಮೂಲೆ ಮೂಲೆ ಉಜ್ಜಿ, ಎರಡು ನೀರಲ್ಲಿ ಜಾಲಿಸಿ, ಬಿಸಿಲಿಗೆ ಬೋರಲು ಹಾಕಿ. ಅಂಚು ಸೀಳಿದ್ದರೆ ಅದನ್ನು ಬಿಟ್ಟು ಬೇರೆ ತಗೊಳ್ಳಿ, ನಿಮ್ಮ ಹತ್ತಿರ ರಾಶಿ ಇದೆಯಲ್ಲ. ಎರಡಕ್ಕಿಂತ ಎತ್ತರ ಪೇರಿಸಬೇಡಿ. ತೂತು ದೊಡ್ಡದಾದ್ದರಿಂದ ಚಿಕ್ಕ ಸಾಮಾನು ಉದುರುತ್ತೆ, ತಳಕ್ಕೆ ಒಂದು ದಪ್ಪ ರಟ್ಟು ಹಾಕಿ.

ಚಂದ್ರಂಕಿ ವಿಷಯ. ನಿಮ್ಮ ತಂಗಿಯ ಕಣ್ಣು ಒಳ್ಳೆಯದು, ನೋಡೋಕೆ ನಿಜವಾಗಿ ಚೆನ್ನಾಗಿರುತ್ತೆ. ಆದರೆ ಹುಳದ ಮನೆಯಲ್ಲಿ ರೋಗ ಬರಬಾರದು ಅಂತ ಬ್ಲೀಚಿಂಗ್ ಪೌಡರು, ಫಾರ್ಮಲಿನ್ ಹೊಡೆದದ್ದು ನಿಮಗೇ ಚೆನ್ನಾಗಿ ಗೊತ್ತಲ್ಲ. ಬೆಳೆ ಬೆಳೆಗೂ ಹೊಡೆದದ್ದು. ಬಿದಿರಿನ ಸಂದಿಯಲ್ಲಿ ಗೂಡು ಕಟ್ಟೋ ಹೊತ್ತಿಗೆ ಹಣ್ಣಾದ ಹುಳದ ಉಚ್ಚೆ, ಹಳೆ ರೇಷ್ಮೆ ಎಳೆ, ಧೂಳು. ಅದನ್ನು ಪ್ಲಾಸ್ಟಿಕ್ ತರಹ ತೊಳೆದು ಮುಗಿಸೋಕೆ ಆಗೋದಿಲ್ಲ. ಮೇಲಾಗಿ ಆರು ಅಡಿಗೆ ನಾಲ್ಕು ಅಡಿ ಚೌಕಟ್ಟು, ಗೋಡೆಗೆ ಒರಗಿಸಿದರೆ ಜಾರಿ ಬೀಳುತ್ತೆ, ಬಿದಿರಿನ ಸಿಬಿರು ಬೆರಳಿಗೆ ಹೋಗುತ್ತೆ. ಆ ಐಡಿಯಾ ಬಿಡೋಕೆ ಮನಸ್ಸಿಲ್ಲದಿದ್ದರೆ ಹಳೇ ಬೆಡ್‌ಶೀಟಿಗೆ ಜೇಬು ಜೇಬಾಗಿ ಹೊಲಿಸಿ ಬಾಗಿಲ ಹಿಂದೆ ತೂಗುಹಾಕಿ. ಟೈಲರ್ ಹತ್ತಿರ ಒಂದು ಗಂಟೆ ಕೆಲಸ. ಹಳೆ ಜೀನ್ಸ್ ಪ್ಯಾಂಟಿನ ಜೇಬು ಕತ್ತರಿಸಿ ಹೊಲಿದರೆ ಇನ್ನೂ ಗಟ್ಟಿ.

ಪ್ರಶ್ನೆ: ಚಿಂತಾಮಣಿ. ದೊಡ್ಡವನಿಗೆ ಎಂಟು ವರ್ಷ, ಚಿಕ್ಕ ಚಿಕ್ಕ ಬ್ಲಾಕ್ ಜೋಡಿಸೋ ಹುಚ್ಚು. ಮನೆ, ಸೇತುವೆ ಅಂತ ಕಟ್ಟುತ್ತಾನೆ, ಕೆಡವಲು ಬಿಡೋದಿಲ್ಲ. ಚಿಕ್ಕವಳು ಈಗ ಅಂಬೆಗಾಲಿಡುತ್ತಾಳೆ, ಸಿಕ್ಕಿದ್ದೆಲ್ಲ ಬಾಯಿಗೆ. ಇಬ್ಬರನ್ನೂ ಹೇಗೆ ಸಂಭಾಳಿಸೋದು?

ಉತ್ತರ: ಅಂಬೆಗಾಲಿಡೋ ಮಗು ಇರೋ ಮನೆಯಲ್ಲಿ ನೆಲ ಅವಳದ್ದು. ಇದನ್ನು ದೊಡ್ಡವನಿಗೆ ಬಿಡಿಸಿ ಹೇಳಿ, ಎಂಟು ವರ್ಷಕ್ಕೆ ಅರ್ಥ ಆಗುತ್ತೆ. ಅವನ ಬ್ಲಾಕ್ ಆಟ ಮೇಜಿನ ಮೇಲೆ ಅಥವಾ ದಿವಾನ್ ಮೇಲೆ. ಕಟ್ಟಿದ ಸೇತುವೆ ಉಳಿಯಬೇಕು ಅಂದರೆ ಒಂದು ದೊಡ್ಡ ತಟ್ಟೆಯಲ್ಲೋ ಹಳೆ ಕೇರಂ ಬೋರ್ಡ್ ಮೇಲೋ ಕಟ್ಟಲಿ. ಆಟ ಮುಗಿದರೆ ಬೋರ್ಡ್ ಸಮೇತ ಎತ್ತಿ ಬೀರು ಮೇಲಿಡಬಹುದು, ಕೆಡವೋ ಮಾತೇ ಬರೋದಿಲ್ಲ. ಜಾಗ ಹಿಡಿಯುತ್ತೆ ನಿಜ. ಆದರೆ ಮೂರು ದಿನ ಕೂತು ಕಟ್ಟಿದ್ದನ್ನು ಮಲಗೋ ಹೊತ್ತಿಗೆ ಒಡೆದು ಡಬ್ಬಕ್ಕೆ ಹಾಕು ಅಂದರೆ ನಮಗೂ ಹೊಟ್ಟೆ ಉರಿಯುತ್ತೆ, ಅಲ್ವಾ?

ಚೂರುಗಳಿಗೆ ಹಳೇ ಪಂಚೆ. ಬ್ಲಾಕ್ ಸುರಿಯೋ ಮುಂಚೆ ಪಂಚೆ ಹಾಸಬೇಕು, ಆಟ ಆದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ ಗಂಟು ಹಾಕಬೇಕು. ಅರ್ಧ ನಿಮಿಷದ ಕೆಲಸ, ಒಂದು ಚೂರೂ ಸೋಫಾ ಕೆಳಗೆ ಹೋಗೋದಿಲ್ಲ. ಆ ಗಂಟಿಗೆ ಮಾತ್ರ ಎತ್ತರದ ಜಾಗ, ಮುಚ್ಚಳ ಇರೋ ಡಬ್ಬ. ಮೊದಲನೇ ಉತ್ತರದಲ್ಲಿ ಮುಚ್ಚಳ ಬೇಡ ಅಂದೆನಲ್ಲ, ಇದಕ್ಕೆ ಬೇಕು.

ಯಾವುದು ಚಿಕ್ಕದು ಅಂತ ಹೇಗೆ ಗೊತ್ತಾಗಬೇಕು? ಆಟಿಕೆ ಪರೀಕ್ಷೆ ಮಾಡೋರ ಹತ್ತಿರ ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಕೊಳವೆ ಇರುತ್ತೆ. ಅದರೊಳಗೆ ಪೂರ್ತಿ ಇಳಿಯೋದು ಏನೇ ಆದರೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಮನೆಯಲ್ಲಿ ರಟ್ಟನ್ನು ಅಷ್ಟು ಅಗಲಕ್ಕೆ ಸುತ್ತಿ ಅಂಟಿಸಿ ನೀವೇ ಒಂದು ಕೊಳವೆ ಮಾಡಿಕೊಳ್ಳಿ. ಗೋಲಿ, ಮಣಿ, ಗೊಂಬೆಯ ಚಪ್ಪಲಿ ಎಲ್ಲ ಅದರಲ್ಲಿ ಹಾಕಿ ನೋಡೋ ಕೆಲಸವನ್ನು ದೊಡ್ಡವನಿಗೇ ಕೊಡಿ, ಅವನಿಗೆ ಪೊಲೀಸ್ ಕೆಲಸ ಸಿಕ್ಕಿದಷ್ಟು ಖುಷಿ ಆಗುತ್ತೆ. ಅಯಸ್ಕಾಂತದ ಗುಂಡುಗಳಿರೋ ಆಟಿಕೆ ಇದ್ದರೆ ಅದನ್ನು ಮನೆಯಿಂದಲೇ ಕಳಿಸಿ. ಒಂದಕ್ಕಿಂತ ಜಾಸ್ತಿ ನುಂಗಿದರೆ ಕರುಳಿನ ಒಳಗೇ ಒಂದನ್ನೊಂದು ಎಳೆದುಕೊಂಡು ತೂತು ಮಾಡುತ್ತವೆ.

ಪ್ರಶ್ನೆ: ಸಜ್ಜೆ ಮೇಲೆ ಇಡೋ ಗೊಂಬೆಗಳಿಗೆ ನುಸಿ ಗುಳಿಗೆ ಹಾಕಬಹುದಾ? ದಸರಾ ಗೊಂಬೆಗೆ ನಮ್ಮ ಅತ್ತೆ ಹಾಕುತ್ತಾರೆ. (ಚಿಕ್ಕಬಳ್ಳಾಪುರ)

ಉತ್ತರ: ಮಕ್ಕಳು ಆಡೋ ಸಾಮಾನಿಗೆ ಬೇಡ. ಬೆಳ್ಳಗೆ ಪೆಪ್ಪರ್‌ಮೆಂಟ್ ತರಹ ಕಾಣುತ್ತೆ, ಬಾಯಿಗೆ ಹಾಕಿಕೊಂಡರೆ ಅಪಾಯ. ಕೆಲವು ಮಕ್ಕಳಿಗೆ ಅದರಿಂದ ರಕ್ತದ ಕಣಗಳೇ ಒಡೆದುಹೋಗುತ್ತವೆ. ಸಾಮಾನು ಒರೆಸಿ, ಪೂರ್ತಿ ಒಣಗಿಸಿ, ಹಳೇ ಕಾಟನ್ ಸೀರೆಯಲ್ಲಿ ಸುತ್ತಿ. ಜೊತೆಗೆ ಒಣಗಿದ ಬೇವಿನ ಸೊಪ್ಪು ಇಟ್ಟರೆ ಸಾಕು. ಬ್ಯಾಟರಿ ಇರೋ ಸಾಮಾನಿನಿಂದ ಬ್ಯಾಟರಿ ಕಿತ್ತು ಆಮೇಲೆ ಹತ್ತಿಸಿ, ಇಲ್ಲದಿದ್ದರೆ ಒಳಗೇ ಸೋರಿ ಹಸಿರು ಗಟ್ಟುತ್ತೆ. ಅತ್ತೆಯವರ ದಸರಾ ಗೊಂಬೆಯ ತಂಟೆಗೆ ನಾನು ಬರೋದಿಲ್ಲ. ಆದರೆ ಗೊಂಬೆ ಇಳಿಸೋ ದಿನ ಗುಳಿಗೆಯನ್ನು ಅವರೇ ಎಣಿಸಿ ಎತ್ತಿಡಲಿ.

ಪ್ರಶ್ನೆ: ತುಮಕೂರು, ಸಪ್ತಗಿರಿ ಬಡಾವಣೆ. ಚನ್ನಪಟ್ಟಣದ ಮರದ ಆಟಿಕೆಗಳನ್ನು ಗೊಂಬೆಗಳ ಜೊತೆ ಟಬ್‌ನಲ್ಲಿ ಸೋಪು ಹಾಕಿ ನೆನೆಸಿದೆ. ಬಣ್ಣ ಮಂಕಾಗಿ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮಗಳಿಗೆ ವೀಸಿಂಗ್ ಇರೋದರಿಂದ ಎಲ್ಲ ತೊಳೆಯಲೇಬೇಕು. ಏನು ಮಾಡಲಿ?

ಉತ್ತರ: ಅಯ್ಯೋ, ಮರವನ್ನು ನೆನೆಸಿಬಿಟ್ಟಿರಾ! ಆ ಆಟಿಕೆಯ ಬಣ್ಣ ಪೇಂಟ್ ಅಲ್ಲ, ಅರಗು. ಆಲೆ ಮರದ ತುಂಡನ್ನು ಚರಕಿಗೆ ಕಟ್ಟಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ, ಆಮೇಲೆ ಒಣ ಗರಿ ಒತ್ತಿ ಹೊಳಪು ತರುತ್ತಾರೆ. ನೀರಲ್ಲಿ ಬಿಟ್ಟರೆ ಒಳಗಿನ ಮರ ಉಬ್ಬುತ್ತೆ, ಮೇಲಿನ ಅರಗು ಉಬ್ಬೋದಿಲ್ಲ. ಬಿರುಕು ಬಿಡೋದು ಅದಕ್ಕೇ. ಇನ್ನು ಮುಂದೆ ಒದ್ದೆ ಬಟ್ಟೆ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿಡಿ. ಬಿಸಿಲಿಗೂ ಬೇಡ. ಬಿರುಕು ಬಿಟ್ಟದ್ದು ಸರಿಯಾಗೋದಿಲ್ಲ. ಚಕ್ಕೆ ಏಳುತ್ತಿದ್ದರೆ ಚಿಕ್ಕ ಮಗುವಿನ ಕೈಗೆ ಕೊಡಬೇಡಿ, ಶೋಕೇಸ್‌ಗೆ ಇರಲಿ.

ವೀಸಿಂಗ್‌ಗೆ ನಿಜವಾದ ಶತ್ರು ಮರದ್ದಲ್ಲ, ಬಟ್ಟೆಯ ಗೊಂಬೆ. ಕರಡಿ, ಮೊಲ, ಅದರೊಳಗೆ ಕಣ್ಣಿಗೆ ಕಾಣದ ಧೂಳಿನ ಹುಳ ಸೇರುತ್ತವೆ. ಹಾಸಿಗೆಯಲ್ಲಿ ಒಂದೇ ಒಂದು ಗೊಂಬೆ ಇರಲಿ, ಅವಳಿಗೆ ಪ್ರಾಣಕ್ಕಿಂತ ಹೆಚ್ಚಾದದ್ದು. ಅದನ್ನು 60 ಡಿಗ್ರಿ ಬಿಸಿನೀರಲ್ಲಿ ತೊಳೆಯಿರಿ. ಅಷ್ಟು ಬಿಸಿ ತಡೆಯದ ಗೊಂಬೆಯನ್ನು ಕವರಿನಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ತೊಳೆಯಿರಿ. ಒಳಗಿನ ಹತ್ತಿಯವರೆಗೂ ಒಣಗಬೇಕು, ಮಳೆಗಾಲದಲ್ಲಿ ತೊಳೆದು ಅರೆಬರೆ ಒಣಗಿಸಿದರೆ ಬೂಷ್ಟು ಹಿಡಿದು ಇನ್ನೂ ಕೆಡುತ್ತೆ. ಉಳಿದ ಕರಡಿಗಳು ಊರು ಬಿಡಲಿ. ಕೊಡೋವಾಗ ಅವಳ ಮುಂದೆ ಕೊಡಿ. ಇಷ್ಟೆಲ್ಲ ಮಾಡಿಯೂ ಉಸಿರು ಕಟ್ಟುತ್ತಿದ್ದರೆ ಗೊಂಬೆ ತೊಳೆಯುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಬೇಡವಾದ ಆಟದ ಸಾಮಾನನ್ನು ಅಂಗನವಾಡಿಗೆ ಕೊಟ್ಟರೆ ತಗೊಳ್ಳುತ್ತಾರಾ? (ಶಿರಾ)

ಉತ್ತರ: ಮೊದಲು ಅಲ್ಲಿನ ಟೀಚರನ್ನು ಕೇಳಿ, ಅವರಿಗೂ ಜಾಗದ್ದೇ ಚಿಂತೆ. ಕೊಡೋದಾದರೆ ತೊಳೆದು, ಒರೆಸಿ, ಚೂರುಗಳನ್ನೆಲ್ಲ ಎಣಿಸಿ ಒಂದು ಚೀಲದಲ್ಲಿ ಹಾಕಿ ಕೊಡಿ. ಎರಡು ತುಂಡು ಕಳೆದುಹೋದ ಪಜಲ್ ಕೊಡಬೇಡಿ. ನಿಮ್ಮ ಮಗುವಿಗೆ ಬೇಡವಾದ ಮುರಿದ ಕಾರು ಬೇರೆ ಮಗುವಿಗೆ ಯಾಕೆ ಬೇಕು? ಬೇರೆಯವರ ಮನೆಯ ಕಸ ಹೊರೋಕೆ ಅಂಗನವಾಡಿ ಇರೋದಲ್ಲ. ಬ್ಯಾಟರಿ ಆಟಿಕೆ ಕೆಟ್ಟಿದ್ದರೆ ಅದು ಹಸಿ ಕಸ ಒಣ ಕಸ ಎರಡೂ ಅಲ್ಲ, ಹಳೇ ಚಾರ್ಜರ್, ರಿಮೋಟ್ ಜೊತೆ ಇ-ತ್ಯಾಜ್ಯಕ್ಕೆ ಹೋಗಬೇಕು.

ಕೊನೆಯದು ಒಂದು ಪೋಸ್ಟ್ ಕಾರ್ಡು. ಪೆನ್ಸಿಲ್‌ನಲ್ಲಿ ಬರೆದದ್ದು, ಮಧುಗಿರಿಯಿಂದ.

ಪ್ರಶ್ನೆ: ಆಂಟಿ ನನಗೆ ಒಂಬತ್ತು ವರ್ಷ. ನಾನು ಬೆಟ್ಟದ ಹತ್ತಿರ ಸಿಕ್ಕ ಕಲ್ಲು ಮತ್ತೆ ಸೋಡಾ ಮುಚ್ಚಳ ಮತ್ತೆ ಬಸ್ ಟಿಕೆಟ್ ಸೇರಿಸುತ್ತೇನೆ. ಅಮ್ಮ ಕಸ ಅಂತ ಎಸೆಯುತ್ತಾರೆ. ಮೂರು ಸಲ ಎಸೆದರು. ಅದು ಆಟದ ಸಾಮಾನು ಅಲ್ವಾ?

ಉತ್ತರ: ಹೌದು ಪುಟ್ಟ, ಆಟದ ಸಾಮಾನೇ. ನಿಮ್ಮೂರಲ್ಲಿ ಬೆಟ್ಟವೇ ಒಂದು ಕಲ್ಲು, ಅದರ ಬುಡದಲ್ಲಿ ಹುಟ್ಟಿದವನು ಕಲ್ಲು ಸೇರಿಸದೆ ಇನ್ನೇನು ಸೇರಿಸಬೇಕು? ನನ್ನ ಹತ್ತಿರ ಈಗಲೂ ಒಂದು ಡಬ್ಬದಲ್ಲಿ ಹಳೇ ಬಸ್ ಟಿಕೆಟ್ ಇವೆ.

ಅಮ್ಮನ ಹತ್ತಿರ ಹೀಗೆ ಮಾತಾಡು. ಒಂದು ಶೂ ಡಬ್ಬ ಕೇಳು, ಒಂದೇ ಒಂದು. ಮೇಲೆ ನಿನ್ನ ಹೆಸರು ಬರಿ. ಆ ಡಬ್ಬದೊಳಗೆ ಇರೋದನ್ನು ಅಮ್ಮ ನಿನ್ನ ಕೇಳದೆ ಎಸೆಯಬಾರದು. ಡಬ್ಬದ ಹೊರಗೆ ಇದ್ದದ್ದನ್ನು ಎಸೆದರೆ ನೀನು ಅಳಬಾರದು. ಡಬ್ಬ ತುಂಬಿದರೆ ಹೊಸ ಕಲ್ಲು ಒಳಗೆ ಬರೋಕೆ ಹಳೇ ಕಲ್ಲು ಒಂದು ಬೆಟ್ಟಕ್ಕೆ ವಾಪಸ್ ಹೋಗಬೇಕು, ಯಾವುದು ಅಂತ ನೀನೇ ಆರಿಸು. ಟಿಕೆಟ್ಟನ್ನು ಪುಸ್ತಕದಲ್ಲಿ ಅಂಟಿಸು, ಯಾವ ಊರಿಗೆ ಹೋಗಿದ್ದೆ ಅಂತ ಪಕ್ಕದಲ್ಲಿ ಬರಿ, ಇಲ್ಲದಿದ್ದರೆ ಸ್ವಲ್ಪ ದಿನಕ್ಕೆ ಅಕ್ಷರ ಅಳಿಸಿಹೋಗುತ್ತೆ. ಸೋಡಾ ಮುಚ್ಚಳ ತುಕ್ಕು ಹಿಡಿದಿದ್ದರೆ ಬೇಡ, ಕೈ ಕೊಯ್ಯುತ್ತೆ.

ಈ ಪುಟವನ್ನು ಅಮ್ಮನಿಗೆ ತೋರಿಸು. ಅದಕ್ಕೂ ಮುಂಚೆ ಕಲ್ಲುಗಳನ್ನು ತೊಳೆದಿಡು ಮರಿ.